ತೂತಿನ ಡಬ್ಬಿ

“ಅಜ್ಜಾರ, ಚರಂತಯ್ಯನ ಕಿವ್ಯಾಗ ನೀವು ಹೇಳಿದ್ದೇನ್ರಿ? ಅದನ್ನ ನನಗೂ ಹೇಳ್ರಿ” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಶಿಷ್ಯನ ಹೆಸರು ಅಡವಯ್ಯ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಚರಂತಯ್ಯ ಬಂದು ನಾಲ್ಕು ವರ್ಷ. ಮೊದಲ ಮೂರು ವರ್ಷ ಚರಂತಯ್ಯ ಸಭೆಯಲ್ಲಿ ಎದ್ದು ನಿಂತರೆ ತೊದಲುತ್ತಿದ್ದ. ಮುಂದಿನ ಸಾಲಿನಲ್ಲಿ ಅಡವಯ್ಯ ಕೂತಿದ್ದರೆ ಇನ್ನಷ್ಟು ತೊದಲುತ್ತಿದ್ದ. ಹೋದ ವರ್ಷ ಒಂದು ದಿನ ಗುರುಗಳು ಅವನನ್ನು ಬಾವಿಯ ಕಟ್ಟೆಯ ಹತ್ತಿರ ಕರೆದು ಒಂದೇ ಒಂದು ಮಾತು ಹೇಳಿದರು. ಅಂದಿನಿಂದ ಅವನ ತೊದಲು ನಿಂತಿತು. ಈಗ ಸಂಜೆಯ ಪ್ರವಚನಕ್ಕೆ ಅವನು ಕೂತರೆ ನೇಕಾರರ ಓಣಿಯ ಹೆಂಗಸರು ಮಗ್ಗ ನಿಲ್ಲಿಸಿ ಬರುತ್ತಿದ್ದರು. ಅಡವಯ್ಯ ಕೂತ ದಿನ ಮಗ್ಗ ನಡೆದೇ ಇರುತ್ತಿತ್ತು. ಅದರ ಸದ್ದು ಮಠದವರೆಗೂ ಕೇಳುತ್ತಿತ್ತು.

ಆ ಸದ್ದು ಅಡವಯ್ಯನ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ರೊಟ್ಟಿ ಇಳಿಯುತ್ತಿರಲಿಲ್ಲ.

“ಮೊದಲು ಬಂದಾಂವ ನಾನು. ಕಸಾ ಹೊಡದೀನಿ, ನೀರು ಸೇದೀನಿ, ನೀವು ಹೇಳಿದ್ದೆಲ್ಲಾ ಬಾಯಿಪಾಠ ಮಾಡೀನಿ. ಅವಗ ಕೊಟ್ಟ ಮಾತು ನನಗ ಯಾಕಿಲ್ಲ? ಅದನ್ನ ಕೊಡ್ರಿ. ಒಂದಕ್ಷರ ಕಮ್ಮಿ ಬ್ಯಾಡ, ಒಂದಕ್ಷರ ಹೆಚ್ಚೂ ಬ್ಯಾಡ” ಎಂದ.

ಗುರುಗಳು ನಕ್ಕರು. “ಒಂದಕ್ಷರ ಕಮ್ಮಿ ಬ್ಯಾಡ? ಆತು, ಕೂಡು. ಒಂದು ಕತಿ ಹೇಳ್ತೀನಿ. ಕತಿ ಮುಗಿದ ಮ್ಯಾಲೂ ನಿನಗ ಅದು ಬೇಕು ಅನಿಸಿದ್ರ ಕೇಳು, ಕೊಡ್ತೀನಿ” ಎಂದರು. ಹೇಳತೊಡಗಿದರು.

ಒಂದು ನೇಕಾರರ ಊರಿನಲ್ಲಿ ಇಬ್ಬರು ನಕ್ಷೆಗಾರರಿದ್ದರು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಮತ್ತು ಸೆರಗಿಗೆ ನಕ್ಷೆ ತೆಗೆಯುವುದು ಅವರ ಕಸುಬು. ಅವರು ಚೌಕ ಚೌಕವಾಗಿ ತೆಗೆದ ನಕ್ಷೆಯಂತೆ ರಟ್ಟಿಗೆ ತೂತು ಹೊಡೆಯುತ್ತಾರೆ. ಆ ರಟ್ಟು ಮಗ್ಗದ ಮೇಲೇರುತ್ತದೆ. ಮಗ್ಗ ಆ ಹೂವನ್ನು ನೇಯುತ್ತದೆ. ರಟ್ಟು ಎರಡು ವರ್ಷಕ್ಕೆ ಹರಿದು ಒಲೆಗೆ ಹೋಗುತ್ತದೆ. ಸೀರೆ ಉಟ್ಟವರ ಜೊತೆ ಹೋಗುತ್ತದೆ. ಉಳಿಯುವುದು ನಕ್ಷೆ ಮಾತ್ರ.

ಒಬ್ಬ ಮೇಲಿನ ಓಣಿಯವನು, ಇನ್ನೊಬ್ಬ ಕೆಳಗಿನ ಓಣಿಯವನು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನೀನು ಆ ಊರಿಗೆ ಹೋಗಿ ವಿಚಾರಿಸುವವನೇ.

ಈ ಕತೆ ನಡೆಯುವುದಕ್ಕೆ ಹನ್ನೊಂದು ವರ್ಷ ಮೊದಲು ನೇಕಾರರ ಸಂಘದವರು ಇಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟಿದ್ದರು. ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ಬಣ್ಣದ್ದು ತಂದು ಕೊಟ್ಟಿದ್ದರು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಆಗಬಾರದು ಎಂಬುದು ಅವರ ಎಣಿಕೆ. ಪಾಪ, ಒಳ್ಳೆಯ ಜನ. ಹೊಟ್ಟೆಕಿಚ್ಚಿಗೆ ಹೆಚ್ಚು ಕಡಿಮೆ ಬೇಕಾಗಿಯೇ ಇಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮೇಲಿನ ಓಣಿಯವನ ತಂದೆಯೂ ನಕ್ಷೆಗಾರ. ಅವನಂಥವನು ಆ ಭಾಗದಲ್ಲಿ ಇನ್ನೊಬ್ಬನಿರಲಿಲ್ಲ. ಚೌಕಳಿ ಹಾಳೆಯ ಮೇಲೆ ಕೈಯಿಂದ ನಲವತ್ತಮೂರು ದಡಿ ಬರೆದಿಟ್ಟು ಅವನು ತೀರಿಕೊಂಡ. ಹಾಳೆಗಳಿಗೆ ಗೆದ್ದಲು ಹತ್ತಿತು. ಮಗ ಮೂರು ವರ್ಷ ಕೂತು, ಒಂದೊಂದು ಚೌಕ ಎಣಿಸಿ, ನಲವತ್ತಮೂರನ್ನೂ ಲ್ಯಾಪ್‌ಟಾಪಿಗೆ ಏರಿಸಿದ. ಏರಿಸಿ ಮುಗಿಯುವಷ್ಟರಲ್ಲಿ ಹಾಳೆಗಳು ಹಿಟ್ಟಾಗಿದ್ದವು. ಅಡವಯ್ಯಾ, ಅವನು ಕೆಟ್ಟವನಲ್ಲ. ತಂದೆಯ ಕೈಬರಹಕ್ಕಾಗಿ ಮೂರು ವರ್ಷ ಕಣ್ಣು ನೋಯಿಸಿಕೊಂಡವನು ಕೆಟ್ಟವನಾಗಲಾರ.

ಆದರೆ ಆ ನಕ್ಷೆಗಳನ್ನು ಅವನು ಇನ್ನೊಂದು ಕಡೆ ತೆಗೆದಿಡಲಿಲ್ಲ. ಪೆನ್ ಡ್ರೈವಿಗೆ ಹಾಕಿದರೆ ಅದು ಜೇಬಿನಿಂದ ಜೇಬಿಗೆ ಹೋಗುತ್ತದೆ, ಕೊನೆಗೆ ಕೆಳಗಿನ ಓಣಿ ಸೇರುತ್ತದೆ ಎಂಬುದು ಅವನ ಭಯ. ಕಳ್ಳನಿಗೆ ಹೆದರಿ ಮನೆಗೆ ಒಂದೇ ಬಾಗಿಲಿಟ್ಟ. ಬೆಂಕಿ ಬಿದ್ದರೆ ತಾನು ಎಲ್ಲಿಂದ ಹೊರಬರಬೇಕು ಎಂದು ಯೋಚಿಸಲಿಲ್ಲ.

ಹನ್ನೊಂದನೆಯ ವರ್ಷ ಸಂಘಕ್ಕೆ ಒಂದು ದೊಡ್ಡ ಕೆಲಸ ಬಂತು. ದೂರದ ಊರಿನ ಒಬ್ಬ ವ್ಯಾಪಾರಿ ಹಳೆಯ ಕಾಲದ ಹನ್ನೆರಡು ದಡಿಯ ಸೀರೆ ಬೇಕೆಂದ. ಹನ್ನೆರಡೂ ಬೇಕು, ಒಂದು ಕಡಿಮೆಯಾದರೂ ಬೇಡ ಎಂದ. ನಲವತ್ತು ಮಗ್ಗಕ್ಕೆ ಎಂಟು ತಿಂಗಳ ಕೆಲಸ. ಅಷ್ಟು ಹಳೆಯ ದಡಿ ಇದ್ದದ್ದು ಮೇಲಿನ ಓಣಿಯವನ ಹತ್ತಿರ ಮಾತ್ರ. ಸಂಘದವರು ಅವನ ಮನೆಗೆ ಬಂದು, ಚಹಾ ಕುಡಿದು, ಒಂದು ತಿಂಗಳೊಳಗೆ ಹನ್ನೆರಡು ನಕ್ಷೆ ಸಿದ್ಧ ಮಾಡಿ ಕೊಡು ಎಂದು ಹೇಳಿ ಹೋದರು. ನಲವತ್ತು ಮನೆಯವರು ಅವನ ಮನೆಯ ಕಡೆ ನೋಡುತ್ತ ಕೂತರು. ಅಂಥ ದಿನ ಮನುಷ್ಯನಿಗೆ ಜನ್ಮಕ್ಕೊಮ್ಮೆ ಬರುತ್ತದೆ. ಅವನು ಸಂತೋಷಪಡಬೇಕಾಗಿತ್ತು.

ಆದರೆ ಲ್ಯಾಪ್‌ಟಾಪ್ ಮುದಿಯಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಸ್ನಾನ ಮುಗಿಸಿ ಬರುವ ಹೊತ್ತಿಗೆ ತೆರೆಯುತ್ತಿತ್ತು. ಒಂದು ಹೂವನ್ನು ಎಡದಿಂದ ಬಲಕ್ಕೆ ಸರಿಸಿದರೆ ನಿಂತು ಯೋಚಿಸುತ್ತಿತ್ತು. ಒಳಗಿನ ಫ್ಯಾನು ಹಳೆಯ ರಾಟೆಯಂತೆ ಗೊರಗುಡುತ್ತಿತ್ತು. ಅರ್ಧ ತಾಸಿಗೆ ಕಾದು ತಾನೇ ಆರಿಹೋಗುತ್ತಿತ್ತು. ಹನ್ನೊಂದು ವರ್ಷ ನೇಕಾರರ ಮನೆಯಲ್ಲಿದ್ದ ಯಂತ್ರ, ನೂಲಿನ ಧೂಳು ಕುಡಿದು ಕುಡಿದು ಅದಕ್ಕೆ ಉಬ್ಬಸ ಬಂದಿತ್ತು.

ಇಷ್ಟು ದಿನ ಅವನು ಅದನ್ನು ಸಹಿಸಿಕೊಂಡಿದ್ದ. ಕೆಳಗಿನ ಓಣಿಯವನದ್ದೂ ಹಾಗೆಯೇ ಇತ್ತು, ಅದೇ ಅವನಿಗೆ ಸಮಾಧಾನ. ತನ್ನ ಎಮ್ಮೆ ಹಾಲು ಕೊಡದಿದ್ದರೂ ಚಿಂತೆಯಿಲ್ಲ, ನೆರೆಯವನ ಎಮ್ಮೆಯೂ ಬತ್ತಿದ್ದರೆ ಸಾಕು ಎನ್ನುವವರಿದ್ದಾರಲ್ಲ, ಅವರ ಪೈಕಿ ಇವನು.

ಒಂದು ದಿನ ಬೆಳಿಗ್ಗೆ ಅವನು ಕೆಳಗಿನ ಓಣಿಯಲ್ಲಿ ಹೋಗುತ್ತಿದ್ದ. ಇನ್ನೊಬ್ಬನ ಕಿಟಕಿ ತೆರೆದಿತ್ತು. ಅವನು ಲ್ಯಾಪ್‌ಟಾಪಿನ ಗುಂಡಿ ಒತ್ತಿದ್ದನ್ನು ಇವನು ನೋಡಿದ. ಕಿಟಕಿ ದಾಟುವುದರೊಳಗೆ ಪರದೆಯ ಮೇಲೆ ನಕ್ಷೆ ಮೂಡಿತ್ತು.

ಮರುದಿನ ಬೇಕೆಂದೇ ಅದೇ ಹೊತ್ತಿಗೆ ಹೋದ. ಉಸಿರು ಎಣಿಸಿದ. ಆರು ಉಸಿರಿಗೆ ತೆರೆಯಿತು. ಮೂರನೆಯ ದಿನವೂ ಹೋದ. ಆರೇ. ಮನೆಗೆ ಬಂದು ತನ್ನದನ್ನು ಹಚ್ಚಿ ಉಸಿರು ಎಣಿಸತೊಡಗಿದ. ಇನ್ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟ. ನಲವತ್ತು ಮಗ್ಗ ಕಾಯುತ್ತಿದ್ದುದು ಅವನಿಗೆ ನೆನಪಿಗೆ ಬರಲಿಲ್ಲ. ಆರು ಉಸಿರು ಮಾತ್ರ ನೆನಪಿಗೆ ಬರುತ್ತಿತ್ತು.

ನಾಲ್ಕನೆಯ ದಿನ ತಡೆಯಲಾಗದೆ ಒಳಗೇ ಹೋದ. ಹೊಸದು ತಂದೆಯೇನು ಎಂದು ಕೇಳಿದ. ಇಲ್ಲ, ಅದೇ ಹಳೆಯದು, ಬಸ್ ಸ್ಟ್ಯಾಂಡಿನ ಹಿಂದಿನ ರಿಪೇರಿಯವನ ಹತ್ತಿರ ಸ್ವಲ್ಪ ಮಾಡಿಸಿದೆ ಎಂದು ಕೆಳಗಿನ ಓಣಿಯವನು ಹೇಳಿದ.

ಹೊಸದಾಗಿದ್ದರೆ ಇವನಿಗೆ ಬದುಕಲು ದಾರಿಯಿತ್ತು. ಅವನಿಗೆ ಅನುಕೂಲವಿದೆ, ತಂದ ಎಂದು ಹೇಳಿಕೊಂಡು ಮಲಗಬಹುದಿತ್ತು. ಅದೇ ಹಳೆಯದು, ತನ್ನ ಜೊತೆಗೇ ಹುಟ್ಟಿದ್ದು, ತನ್ನದು ಮುದಿಯಾಗಿ ಬಿದ್ದಿರುವಾಗ ಅದು ಮಾತ್ರ ಎದ್ದು ಓಡುವುದೆಂದರೆ ಹೇಗೆ ಸಹಿಸುವುದು? ಸ್ವಲ್ಪ ಎಂದನಲ್ಲ, ಆ ‘ಸ್ವಲ್ಪ’ದಲ್ಲಿ ಏನೇನಿದೆ? ಹೇಳಬಾರದೆಂದೇ ಹಾಗೆ ಹೇಳಿದ್ದಾನೆ ಎಂದುಕೊಂಡ.

ಹೊರಡುವಾಗ ಇವನ ಕಣ್ಣು ಮೇಜಿನ ಮೇಲೆ ಬಿತ್ತು. ಅಲ್ಲಿ ಹಾಳೆಗಳು ಹಾರದಂತೆ ಅಂಗೈ ಅಗಲದ ಒಂದು ಉಕ್ಕಿನ ಡಬ್ಬಿ ಇಟ್ಟಿತ್ತು. ಚಪ್ಪಟೆಯಾಗಿತ್ತು, ಭಾರವಾಗಿರುವಂತೆ ಕಾಣುತ್ತಿತ್ತು. ಅದರ ನಟ್ಟನಡುವೆ ಈ ಕಡೆಯಿಂದ ಆ ಕಡೆಗೆ ಬೆರಳು ತೂರುವಂಥ ಒಂದು ತೂತಿತ್ತು. ಇದಕ್ಕೂ ಆ ವೇಗಕ್ಕೂ ಏನೋ ಸಂಬಂಧವಿದೆ ಎಂದು ಇವನಿಗೆ ಅನಿಸಿತು. ಏನದು ಎಂದು ಕೇಳಬಹುದಿತ್ತು. ಕೇಳಿದರೆ ತನಗೆ ಗೊತ್ತಿಲ್ಲ ಎಂದು ತೋರಿಸಿಕೊಂಡಂತಾಗುತ್ತದೆ. ಕೇಳಲಿಲ್ಲ.

ಇಲ್ಲಿ ಗುರುಗಳು ನಿಲ್ಲಿಸಿ ಅಡವಯ್ಯನ ಮುಖ ನೋಡಿದರು. “ನೀನು ಕೇಳಾಕರೆ ಬಂದಿ. ಅಷ್ಟರ ಮಟ್ಟಿಗೆ ಅವನಿಗಿಂತ ಶಾಣ್ಯಾ” ಎಂದರು. ಮತ್ತೆ ಮುಂದುವರಿಸಿದರು.

ಆ ದಿನ ಊಟಕ್ಕೆ ಕೂತಾಗ ಅವನು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಆಕೆ ಮೂರು ಮಾತಿನಲ್ಲಿ ಮುಗಿಸಿದಳು. ನಮ್ಮದಕ್ಕೆ ಏನಾಗಿದೆ ನೋಡಿಸಿ, ಅದಕ್ಕೆ ಬೇಕಾದ್ದು ಮಾಡಿಸಿ, ಮಾವನವರ ದಡಿ ಮಗ್ಗಕ್ಕೆ ಕೊಡಿ ಎಂದಳು. ಇಷ್ಟು ಸರಳವಾದ ಮಾತು ಹೊಟ್ಟೆ ಉರಿಯುವವನ ಕಿವಿಗೆ ಹೋಗುವುದಿಲ್ಲ. ಹುಲಿಯ ಬಣ್ಣಕ್ಕೆ ಮೆಚ್ಚಿ ನರಿ ಮೈ ಸುಟ್ಟುಕೊಂಡಿತಂತೆ. ನರಿಗೂ ಹೆಂಡತಿ ಇದ್ದಿರಬೇಕು, ಅದೂ ಬೇಡ ಎಂದಿರಬೇಕು.

ಮರುದಿನ ಅವನು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಿಪೇರಿಯವನ ಅಂಗಡಿಗೆ ಹೋದ. ರಿಪೇರಿಯವನು ನಿಧಾನದ ಮನುಷ್ಯ, ಕೆಲಸದಲ್ಲಿ ಮೋಸವಿಲ್ಲದವನು. ಬೆನ್ನು ಬಿಚ್ಚಿ ನೋಡಿದ. ಒಳಗೆ ಬೆಕ್ಕಿನ ಮರಿಯಷ್ಟು ನೂಲಿನ ಧೂಳು ಸಿಕ್ಕಿತು. ಅದನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದ.

“ಯಜಮಾನ್ರ, ನಿಮ್ಮ ಕೆಲಸ ಎಲ್ಲಾ ಇರೂ ಡಿಸ್ಕ್ ಇನ್ನೂ ಗಟ್ಟಿ ಐತ್ರಿ. ಧೂಳು ತಗದು, ಫ್ಯಾನಿಗೆ ಎಣ್ಣಿ ಹಾಕಿ, ಇನ್ನೊಂದು ರ‍್ಯಾಮ್ ಕೂಡಿಸ್ತೀನಿ. ಇನ್ನ ನಾಕೈದು ವರ್ಷ ಏನೂ ಆಗೂದಿಲ್ಲ” ಎಂದ.

“ಕೆಳಗಿನ ಓಣಿಯಾಂವಂದಕ್ಕ ಏನ್ ಮಾಡಿದ್ರಿ?”

“ಅವರದಕ್ಕ ಹೊಸಾ ಡಿಸ್ಕ್ ಹಾಕೀನ್ರಿ. ಅವರ ತ್ರಾಸ ಬ್ಯಾರೆ ಇತ್ತು.”

“ಅಂವಗ ಹೊಸಾ ಡಿಸ್ಕ್, ನನಗ ಬರೇ ಕಸಾ ಹೊಡಿಯೂದೇನು? ಅಂವಂದಕ್ಕ ಏನೇನ್ ಮಾಡೀರಿ, ನಂದಕ್ಕೂ ಅದನ್ನ ಮಾಡ್ರಿ. ಒಂದು ಸ್ಕ್ರೂ ಕಮ್ಮಿ ಆಗಬಾರದು.”

ರಿಪೇರಿಯವನು ತಲೆ ಕೆರೆದುಕೊಂಡ. ಒಳಗಿರುವ ಕೆಲಸವನ್ನೆಲ್ಲ ಏನು ಮಾಡಲಿ ಎಂದು ಕೇಳಿದ. ಅದನ್ನೂ ಅವನದಕ್ಕೆ ಮಾಡಿದಂತೆಯೇ ಮಾಡಿ ಎಂದು ಇವನು ಹೇಳಿದ. ನಕ್ಷೆಗಾರನ ನಕ್ಷೆಯನ್ನು ಹೊಸ ಡಿಸ್ಕಿಗೆ ಏರಿಸಿಯೇ ಕೊಟ್ಟಿರುತ್ತಾನೆ, ಇದೂ ಒಂದು ಕೇಳುವ ಮಾತೇ ಎಂಬುದು ಇವನ ಲೆಕ್ಕ. ಕೆಳಗಿನ ಓಣಿಯವನ ಪರದೆಯ ಮೇಲೆ ನಕ್ಷೆ ಮೂಡಿದ್ದನ್ನು ಇವನೇ ಮೂರು ದಿನ ನಿಂತು ನೋಡಿದ್ದನಲ್ಲ. ಮತ್ತೆ ಮತ್ತೆ ಪ್ರಶ್ನೆ ಕೇಳುತ್ತಿರುವುದು ತನಗೆ ಏನೋ ಕಡಿಮೆ ಕೊಡುವ ಹೂಟ ಎಂದು ತಿಳಿದ. ಆಗ ಅವನಿಗೆ ಆ ಡಬ್ಬಿ ನೆನಪಾಯಿತು.

“ಅಂವನ ಮೇಜಿನ ಮ್ಯಾಲೆ ತೂತು ಬಿದ್ದ ಉಕ್ಕಿನ ಡಬ್ಬಿ ಐತಲ್ಲ, ಅಂಥಾದ್ದು ನನಗೂ ಬೇಕು” ಎಂದ.

ರಿಪೇರಿಯವನು ಅವನ ಮುಖವನ್ನೇ ನೋಡಿದ. “ಅದೂ ಬೇಕ್ರಿ? ಖರೇನ?”

“ಖರೇನ. ಅದಿಲ್ಲಂದ್ರ ಈ ಲ್ಯಾಪ್‌ಟಾಪ್ ನಾ ತಗೊಳ್ಳೂದಿಲ್ಲ.”

ಇಬ್ಬರೂ ಒಂದೇ ಕಸುಬಿನವರು, ಅವರ ಕಸುಬಿನ ಮರ್ಮ ಅವರಿಗೇ ಗೊತ್ತು ಎಂದು ರಿಪೇರಿಯವನು ಅಂದುಕೊಂಡ. ಆದರೂ ಒಂದು ಚೀಟಿ ಬರೆದ. ‘ಎಲ್ಲವೂ ಕೆಳಗಿನ ಓಣಿಯವರದಕ್ಕೆ ಮಾಡಿದಂತೆ’ ಎಂದು ಬರೆದು ಸಹಿ ಹಾಕಿಸಿಕೊಂಡ. ಇವನು ಸಂತೋಷದಿಂದ ಸಹಿ ಹಾಕಿದ. ಎರಡು ದಿನ ಬಿಟ್ಟು ಬನ್ನಿ ಎಂದಾಗ, ಅವನಿಗೂ ಎರಡೇ ದಿನ ಹಿಡಿಯಿತೇ ಎಂದು ಕೇಳಿ ಖಾತ್ರಿ ಮಾಡಿಕೊಂಡ.

ಎರಡು ದಿನದ ಮೇಲೆ ಲ್ಯಾಪ್‌ಟಾಪ್ ಕೈಗೆ ಬಂತು. ಜೊತೆಗೆ ಒಂದು ಉಕ್ಕಿನ ಡಬ್ಬಿಯೂ ಬಂತು, ನಟ್ಟನಡುವೆ ತೂತು. ಇವನು ತೂತಿಗೆ ಬೆರಳು ಹಾಕಿ ನೋಡಿದ. ಸರಿಯಾಗಿ ಕೂತಿತು.

ಮನೆಗೆ ಬಂದು ಮೇಜನ್ನು ಕಿಟಕಿಯ ಹತ್ತಿರ ಎಳೆದ. ಕಿಟಕಿ ಪೂರ್ತಿ ತೆರೆದ. ಕೆಳಗಿನ ಓಣಿಯವನು ಈ ಕಡೆ ಬಂದರೆ ಬರಲಿ ಎಂದುಕೊಂಡ. ಡಬ್ಬಿಯನ್ನು ಹಾಳೆಯ ಮೇಲಿಟ್ಟ. ಗುಂಡಿ ಒತ್ತಿ ಉಸಿರು ಎಣಿಸಿದ. ಐದೇ ಉಸಿರು! ಹೆಂಡತಿಯನ್ನು ಕರೆದು ಐದು, ಐದು ಎಂದು ಕೂಗಿದ. ಆ ಗಳಿಗೆಯಲ್ಲಿ ಅವನಷ್ಟು ಸುಖಿ ಆ ಊರಿನಲ್ಲಿ ಯಾರೂ ಇರಲಿಲ್ಲ.

ಆಮೇಲೆ ತಂದೆಯ ದಡಿ ಹುಡುಕಿದ. ಇರಲಿಲ್ಲ. ಇನ್ನೊಂದು ಕಡೆ ನೋಡಿದ. ಅಲ್ಲಿಯೂ ಇರಲಿಲ್ಲ. ಹೊಸ ಗೋಡೆಯಂತೆ ಎಲ್ಲವೂ ಬೆಳ್ಳಗೆ, ಖಾಲಿ. ಯಂತ್ರ ಕುದುರೆಯಂತೆ ಓಡುತ್ತಿತ್ತು. ಹೊರುವುದಕ್ಕೆ ಅದರ ಬೆನ್ನ ಮೇಲೆ ಏನೂ ಇರಲಿಲ್ಲ.

ಅವನು ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದ. ರಿಪೇರಿಯವನು ಚೀಟಿ ತೆಗೆದು ತೋರಿಸಿದ. ಕೆಳಗಿನ ಓಣಿಯವರು ಹಳೆಯದನ್ನು ಏರಿಸಬೇಡಿ, ಎಲ್ಲವನ್ನೂ ಅಳಿಸಿಬಿಡಿ, ಯಾರ ಕೈಗೂ ಮತ್ತೆ ಸಿಗದಂತೆ ಹಳೆಯ ಡಿಸ್ಕಿಗೆ ಡ್ರಿಲ್ ಹಾಕಿ ತೂತು ಹೊಡೆದು ಕೊಡಿ ಎಂದಿದ್ದರು. ನಿಮಗೂ ಹಾಗೆಯೇ ಮಾಡಿದ್ದೇನೆ. ಒಂದು ಸಲ ಅಲ್ಲ, ಎರಡು ಸಲ ಕೇಳಿದೆ. ತೂತಿನ ಡಬ್ಬಿ ಬೇಕು ಎಂದು ನೀವೇ ಬಾಯಿಬಿಟ್ಟು ಹೇಳಿದಿರಿ ಎಂದ. ಅವನ ಕಣ್ಣಿನಲ್ಲಿ ನೀರು ಬಂದಿತ್ತು. ಬೈಯಲು ಬಂದವನಿಗೆ ಬೈಯಲೂ ಆಗಲಿಲ್ಲ.

ಹನ್ನೊಂದು ವರ್ಷದ ಕೆಲಸ, ತಂದೆಯ ನಲವತ್ತಮೂರು ದಡಿ, ಎಲ್ಲವೂ ಆ ಡಬ್ಬಿಯಲ್ಲಿದ್ದವು. ಇವನು ಬೆರಳು ಹಾಕಿ ನೋಡಿದ್ದನಲ್ಲ, ಅದು ತಂದೆಯ ಎದೆಯ ಮೂಲಕ ಹೊಡೆಸಿದ ತೂತು.

ಅಲ್ಲಿಂದ ಅವನು ನೆಟ್ಟಗೆ ಕೆಳಗಿನ ಓಣಿಗೆ ಹೋದ. ಇದು ತನ್ನನ್ನು ಮುಳುಗಿಸಲು ಅವನೇ ತೋಡಿದ ಗುಂಡಿ ಎಂದು ಅವನಿಗೆ ಖಚಿತವಾಗಿತ್ತು. ತನ್ನ ಕೈಯ ಡಬ್ಬಿಯನ್ನು ಅವನ ಡಬ್ಬಿಯ ಪಕ್ಕದಲ್ಲಿ ಕುಕ್ಕಿದ. “ಕಸುಬಿನಾಂವ ಆಗಿ ನಕ್ಷಿ ಅಳಿಸ್ತಾರೇನು? ನಿನ್ನೂವು ಹೆಂಗ ಉಳದ್ವು?” ಎಂದು ಕೂಗಿದ.

ಕೆಳಗಿನ ಓಣಿಯವನು ಎರಡು ಡಬ್ಬಿಗಳನ್ನೂ ನೋಡಿದ. ಏನು ನಡೆದಿದೆ ಎಂದು ಅವನಿಗೆ ತಿಳಿಯಿತು. ಅವನ ಮುಖ ಕಪ್ಪಿಟ್ಟಿತು.

“ಉಳದಿಲ್ಲ ಅಣ್ಣಾರ. ನಾನ ಬ್ಯಾಡಂದೆ. ಅದರಾಗ ನಂದು ಅನ್ನೂದು ಒಂದೂ ಇರಲಿಲ್ಲ. ನಿಮ್ಮ ಅಪ್ಪಾರ ದಡಿ ನೋಡಿದ್ರ ನನಗ ಎದಿ ಉರೀತಿತ್ತು. ನೀವು ಕೊಟ್ಟ ದಡಿ ಮಗ್ಗದಿಂದ ಇಳಿಯೂದ ತಡ, ಸೀರಿ ತಂದು, ಎಳಿ ಎಣಿಸಿ, ಒಂದು ಹೂವು ಆಚಿ, ಒಂದು ಎಲಿ ಈಚಿ ಮಾಡಿ ನಂದು ಅಂತ ಕೊಡ್ತಿದ್ದೆ. ಹತ್ತು ವರ್ಷ ಇದ ಮಾಡಿದೆ. ಒಂದು ದಿನ ನನ್ನ ಮ್ಯಾಲೆ ನನಗ ಹೇಸಿಕಿ ಬಂತು. ಮತ್ತ ಅದರ ಮಾರಿ ನೋಡಬಾರದು ಅಂತ ತೂತು ಹೊಡಿಸಿದೆ. ನೀವು ಕಿಟಕ್ಯಾಗ ನೋಡಿದ್ದು ಆಮ್ಯಾಲೆ ತಗದದ್ದು. ಇಡೀ ಜನ್ಮದಾಗ ನನ್ನ ಸ್ವಂತದ್ದು ಅವು ಮೂರ ನಕ್ಷಿ.”

ಮೇಲಿನ ಓಣಿಯವನಿಗೆ ಮೊದಲು ಏನಾಯಿತು ಗೊತ್ತೇ? ಸಿಹಿಯಾಯಿತು. ಇಷ್ಟು ವರ್ಷ ತಾನು ಯಾರನ್ನು ನೋಡಿ ಉರಿದನೋ ಅವನು ತನ್ನನ್ನು ನೋಡಿ ಉರಿದಿದ್ದಾನೆ! ಮನೆ ಸುಟ್ಟು ಬೂದಿಯಾದ ಹೊತ್ತಿನಲ್ಲಿಯೂ ಆ ಮಾತು ಅವನ ನಾಲಿಗೆಗೆ ಬೆಲ್ಲದಂತೆ ಹತ್ತಿತು. ಹೊಟ್ಟೆಕಿಚ್ಚು ಎಷ್ಟು ನಾಚಿಕೆಗೇಡಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ.

ಸಿಹಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇನ್ನೊಂದು ವಿಚಾರ ಹೊಳೆಯಿತು. ಕೆಳಗಿನ ಓಣಿಯವನ ಡಬ್ಬಿಯಲ್ಲಿದ್ದದ್ದು ಕದ್ದ ಮಾಲು, ಆದರೂ ಅದು ತನ್ನ ತಂದೆಯ ಮಾಲು. ಒಂದು ಹೂವು ಆಚೆ, ಒಂದು ಎಲೆ ಈಚೆ. ಅದು ಉಳಿದಿದ್ದರೆ ಹೂವನ್ನು ಮತ್ತೆ ಅದರ ಜಾಗಕ್ಕೆ ಸರಿಸಬಹುದಿತ್ತು. ಕಳ್ಳ ಪಶ್ಚಾತ್ತಾಪದಿಂದ ಕಳವನ್ನು ಸುಟ್ಟ. ಒಡೆಯ ಕಳ್ಳನನ್ನು ನೋಡಿ ಕಣಜವನ್ನು ಸುಟ್ಟ. ಮಾಡಿದ ಕೆಲಸ ಒಂದೇ. ಒಬ್ಬನಿಗೆ ಅದು ಮದ್ದಾಯಿತು, ಇನ್ನೊಬ್ಬನಿಗೆ ವಿಷವಾಯಿತು.

ಅವನು ಅಲ್ಲಿಯೇ ನೆಲದ ಮೇಲೆ ಕೂತು ಅತ್ತ. ಕೆಳಗಿನ ಓಣಿಯವನೂ ಪಕ್ಕದಲ್ಲಿ ಕೂತ.

ಆಮೇಲೆ ಇಬ್ಬರೂ ಸೇರಿ ಊರಿನ ಮನೆ ಮನೆ ತಿರುಗಿದರು. ಹಳೆಯ ಟ್ರಂಕು ತೆಗೆಸಿ, ಅಜ್ಜಿಯಂದಿರು ಉಟ್ಟು ಬಿಟ್ಟ ಸೀರೆ ಹುಡುಕಿದರು. ಕೆಲವು ಕೌದಿಗೆ ಸೇರಿದ್ದವು. ಕೆಲವು ತೊಟ್ಟಿಲಿಗೆ ಹಾಸಿ ಹಾಸಿ ಹರಿದಿದ್ದವು. ಸಿಕ್ಕ ತುಂಡುಗಳನ್ನು ಬಿಸಿಲಿಗೆ ಹಿಡಿದು ಒಂದೊಂದು ಎಳೆ ಎಣಿಸಿದರು. ಎಳೆ ಎಣಿಸುವುದರಲ್ಲಿ ಕೆಳಗಿನ ಓಣಿಯವನದ್ದೇ ಮೇಲುಗೈ. ಹತ್ತು ವರ್ಷದ ಕಳ್ಳತನ ಅವನಿಗೆ ಅಷ್ಟು ಕಲಿಸಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಏಳು ದಡಿ ಸಿಕ್ಕವು. ವ್ಯಾಪಾರಿ ಕೇಳಿದ್ದು ಹನ್ನೆರಡು. ಅವನು ಏಳನ್ನು ನೋಡಿ, ಕೈ ಮುಗಿದು, ಬೇರೆ ಊರಿಗೆ ಹೋದ. ನಲವತ್ತು ಮಗ್ಗ ಆ ವರ್ಷ ಬಿಡಿ ಬಿಡಿ ಕೆಲಸ ಮಾಡಿ ಹೊಟ್ಟೆ ಹೊರೆದವು. ಯಾರೂ ಮೇಲಿನ ಓಣಿಯವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮೂವತ್ತಾರು ದಡಿ ಹೋದವು. ಅವುಗಳಲ್ಲಿ ಒಂದು, ಗೋಧಿ ತೆನೆಯದ್ದು. ತಂದೆ ಕೊನೆಯಲ್ಲಿ, ಹಾಸಿಗೆ ಹಿಡಿದ ಮೇಲೆ ಬರೆದದ್ದು. ಅದು ಮಗ್ಗಕ್ಕೆ ಏರಿರಲೇ ಇಲ್ಲ. ಒಳ್ಳೆಯ ಕಾಲ ಬಂದಾಗ ಏರಿಸೋಣ ಎಂದು ಮಗ ಇಟ್ಟುಕೊಂಡಿದ್ದ. ಅದರ ಮೊದಲ ಎಂಟು ಸಾಲು ಅವನಿಗೆ ಇಂದಿಗೂ ನೆನಪಿದೆ. ಒಂಬತ್ತನೆಯ ಸಾಲಿನಲ್ಲಿ ತೆನೆ ಎಡಕ್ಕೆ ಬಾಗುತ್ತದೋ ಬಲಕ್ಕೆ ಬಾಗುತ್ತದೋ ಅವನಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಗುಂಡಿ ಒತ್ತುತ್ತಾನೆ. ಐದು ಉಸಿರಿಗೆ ಲ್ಯಾಪ್‌ಟಾಪ್ ತೆರೆಯುತ್ತದೆ. ಎಂಟು ಸಾಲು ತೆಗೆದು, ಒಂಬತ್ತನೆಯದಕ್ಕೆ ನಿಲ್ಲುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ನೇಕಾರರ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು.

ಅಡವಯ್ಯ ತಲೆ ತಗ್ಗಿಸಿ ಕೂತಿದ್ದ. ಕತೆ ಅವನಿಗೆ ತಿಳಿದಿತ್ತು. ಒಬ್ಬನ ಮದ್ದು ಇನ್ನೊಬ್ಬನಿಗೆ ಆಗಿಬರುವುದಿಲ್ಲ ಎಂಬುದೂ ತಿಳಿದಿತ್ತು. ಆದರೆ ತಿಳಿಯುವುದು ತಲೆಯಲ್ಲಿ, ಉರಿಯುವುದು ಹೊಟ್ಟೆಯಲ್ಲಿ. ಎದ್ದು ಹೋಗಬೇಕೆಂದುಕೊಂಡವನು ಏಳಲಿಲ್ಲ.

“ಕತಿ ತಿಳೀತ್ರಿ ಅಜ್ಜಾರ” ಎಂದ. ಮತ್ತೆ ನೆಲ ನೋಡುತ್ತ, “ಆದ್ರೂ ಚರಂತಯ್ಯಗ ನೀವು ಹೇಳಿದ್ದು ಏನ್ರಿ?” ಎಂದ.

ಗುರುಗಳಿಗೆ ಸಿಟ್ಟು ಬರಲಿಲ್ಲ. ಈ ಪ್ರಶ್ನೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವನ ಹೆಗಲ ಮೇಲೆ ಕೈಯಿಟ್ಟು, ಅಂದು ಚರಂತಯ್ಯನಿಗೆ ಹೇಳಿದಷ್ಟೇ ಮೆಲ್ಲಗೆ, ಒಂದಕ್ಷರ ಕಡಿಮೆ ಮಾಡದೆ, ಒಂದಕ್ಷರ ಹೆಚ್ಚು ಮಾಡದೆ ಹೇಳಿದರು.

“ಚರಂತಯ್ಯಾ, ಅಡವಯ್ಯನ್ನ ನೋಡಿ ಹೊಟ್ಟಿ ಉರಕೊಳ್ಳೂದು ಬಿಡು.”